ಬಲಕ್ಕೆ ನೋಡುವ ಕಪ್ಪೆ

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ 3

ಗ್ಲೂಸ್ಟಿಕ್ ಮತ್ತೆ ಖಾಲಿ. ಇದು ಮೂರನೆಯದು. ಹದಿನಾಲ್ಕು ಆಲ್ಬಮ್ ಆಗಬೇಕು, ನಾಲ್ಕಕ್ಕೆ ರಟ್ಟು ಅಂಟಿಸಿದ್ದೇನೆ, ಅದರಲ್ಲಿ ಒಂದು ತಲೆಕೆಳಗು.

ಒಳಗಿನದು ಒಂದೇ ಉದ್ದ ಹಾಳೆ. ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಸುತ್ತ ಹೋಗಬೇಕು. ಎಳೆದರೆ ಮೂರನೇ ಬ್ಲಾಕಿನ ಮಕ್ಕಳ ಸಂಘದ ಇಡೀ ವರ್ಷ ಬಿಚ್ಚಿಕೊಳ್ಳುತ್ತದೆ. ಕೇಳೋಕೆ ಚೆಂದ. ಮೊದಲ ಮಡಿಕೆ ಕೂದಲೆಳೆಯಷ್ಟು ಓರೆಯಾದರೆ ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಆಲ್ಬಮ್ಮೇ ಸೊಟ್ಟ. ಬೆಳಿಗ್ಗೆ ಐದರಿಂದ ಫ್ಯಾಕ್ಟರಿಯಲ್ಲಿ ನಿಂತು, ಬೆಲ್ಟಿನ ಮೇಲೆ ಓಡುವ ಊಟದ ಡಬ್ಬಿಗಳ ಅನ್ನದ ಮೇಲೆ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣು ಒಂದೊಂದು ಇಟ್ಟು ಬಂದಿದ್ದೇನೆ. ಕೈ ಇನ್ನೂ ಅದೇ ಲಯದಲ್ಲಿದೆ. ಕಾಗದವನ್ನೂ ಒತ್ತಿ ಒತ್ತಿ ಬಿಡುತ್ತದೆ.

ಪದಾಧಿಕಾರಿ ಆಗಿದ್ದೇ ಕಲ್ಲು-ಕಾಗದ-ಕತ್ತರಿ ಆಟದಲ್ಲಿ ಸೋತು. ಹೋದ ಏಪ್ರಿಲ್. ನಾನು ಕಾಗದ ತೋರಿಸಿದೆ, ಉಳಿದವರೆಲ್ಲ ಕತ್ತರಿ. ಈಗ ಕಾಗದ, ಕತ್ತರಿ ಎರಡೂ ನನ್ನ ತಲೆಗೆ. ಭಾನುವಾರದ ಕಾರ್ಯಕ್ರಮಗಳಿಗೆ ಶಿಫ್ಟ್ ಇದೆ ಅಂತ ಬರಲಾಗದವಳಿಗೆ ಆಲ್ಬಮ್ — ಹಾಗಂತ ತೀರ್ಮಾನ. ಅದೂ ಕೊನೆಯ ಆಲ್ಬಮ್. ಮಕ್ಕಳೇ ಇಲ್ಲ ಅಂತ ಮಾರ್ಚ್ 23ಕ್ಕೆ ಸಂಘ ಮುಚ್ಚುತ್ತಾರೆ. ಕೊನೆಯದು ಚೆನ್ನಾಗಿರಬೇಕಂತೆ. ನೋಡಿಕೊಂಡು ನಿಲ್ಲುವವರ ಮಾತು.

ಫೆಬ್ರವರಿ 11, ಮಂಗಳವಾರ, ರಜೆ

ಅಧ್ಯಕ್ಷೆ ಹಿರಬಾಯಾಶಿ ಬಂದಿದ್ದರು. ಶೂ ಡಬ್ಬಿ ತುಂಬ ಪ್ರಿಂಟ್ ಹಾಕಿಸಿದ ಫೋಟೊ, ಜೊತೆಗೆ ಹಿಂದಿನವರು ಬಿಟ್ಟುಹೋದ ಫೈಲು, ಅದನ್ನು ತೋರಿಸಿ ವಾಪಸ್ ಒಯ್ದರು. ಅಂಚು ಎರಡು ಸೆಂಟಿಮೀಟರ್. ಹೊಳೆಯುವ ಟೇಪ್ ಬೇಡ. ಕತ್ತರಿ ಯಾವ ಮಗುವಿನ ಮುಖವನ್ನೂ ಮುಟ್ಟಬಾರದು. ಕೆಂಪು ಇಂಕಿನಲ್ಲಿ ಎರಡು ಸಲ ಗೆರೆ ಹೊಡೆದದ್ದು — ಎಲ್ಲ ಮಕ್ಕಳೂ ಸಮ ಸಂಖ್ಯೆಯಲ್ಲಿ ಕಾಣಿಸಿಕೊಳ್ಳಬೇಕು.

"ಈ ಸಲ ಏಳೇಳು ಅಂತ ಇಟ್ಕೊಳ್ಳಿ ಕುವಬಾರಾ ಅವರೇ. ಒಂದು ಹೆಚ್ಚಾದ್ರೂ ಮಾತು ಬರತ್ತೆ, ಒಂದು ಕಮ್ಮಿಯಾದ್ರೂ ಮಾತು ಬರತ್ತೆ."

"ಗುಂಪಲ್ಲಿ ಹಿಂದೆ ನಿಂತಿದ್ರೆ?"

"ಎರಡು ಕಣ್ಣೂ ಕಾಣ್ಬೇಕು. ಆಗ ಒಂದು."

ಸಮಪಾಲು ಅಂದರೆ ನನಗೂ ಸರಿಯೇ. ಒಬ್ಬರಿಗೆ ಎರಡು, ಒಬ್ಬರಿಗೆ ಸೊನ್ನೆ ಅನ್ನುವುದು ನನ್ನ ಕಣ್ಣಿಗೆ ಮೊದಲಿಂದ ಆಗುವುದಿಲ್ಲ. ಆದರೆ ಇನ್ನೂರ ಹನ್ನೊಂದು ಫೋಟೊಗಳಲ್ಲಿ ಕಣ್ಣು ಎಣಿಸುವವಳು ನಾನು, ಅವರಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, ದನಿ ಇಳಿಸಿ, "ಕೂತು ಮಾಡೋ ಕೆಲಸ ಅಲ್ವಾ, ನಿಮ್ಮಂಥವರಿಗೆ ಒಳ್ಳೇದು. ಮೈ ಕಡೆ ಗಮನ ಇರಲಿ" ಅಂದರು. ನಿಮ್ಮಂಥವರು ಅಂದರೆ? ನಲವತ್ತೆರಡು ವಯಸ್ಸು, ನೆಗಡಿಯೂ ಇಲ್ಲ. ಅಕ್ಟೋಬರಿನಿಂದ ಬೀದಿಯಲ್ಲಿ ಕಂಡವರೆಲ್ಲ ನನ್ನ ಆರೋಗ್ಯ ಕೇಳುತ್ತಾರೆ. ಯಾರೋ ಬಾಗಿಲಿಗೆ ಪರ್ಸಿಮನ್ ಹಣ್ಣಿನ ಚೀಲ ತೂಗುಹಾಕಿ ಹೋಗಿದ್ದರು. ಅಷ್ಟು ಕೆಟ್ಟು ಹೋಗಿದೆಯೇ ನನ್ನ ಮುಖ?

ಫೆಬ್ರವರಿ 14, ಶುಕ್ರವಾರ, 2:40

ಎಣಿಸಿ ಮುಗಿಯಿತು. ಹದಿಮೂರು ಮಕ್ಕಳಿಗೆ ಏಳೇಳು ಆರಾಮಾಗಿ ಸಿಗುತ್ತವೆ. ಒಂದನೇ ಕ್ಲಾಸಿನ ಉಮಿಗೆ ಇಪ್ಪತ್ತೆಂಟು! ಸಿಗದಿರುತ್ತದೆಯೇ, ಸಂಘದ ಫೋಟೊ ತೆಗೆಯುವ ಇಕೆತಾನಿಯ ಮಗಳಲ್ಲವೇ.

ಕಾಹೊ — ಮೂರು.

ಮತ್ತೆ ಎಣಿಸಿದೆ. ಮೂರೇ. ಏಪ್ರಿಲ್, ಮೇ, ಜುಲೈ. ಇನ್ನೊಂದು ಆಗಸ್ಟಿನದು, ಕೋಲಿನಿಂದ ಕಲ್ಲಂಗಡಿ ಒಡೆಯುವ ಆಟದ್ದು, ಅವಳ ಕಣ್ಣಿಗೆ ಬಟ್ಟೆ ಕಟ್ಟಿದೆ. ಅದರ ಮುಂದೆ ಏನೂ ಇಲ್ಲ. ಅಕ್ಟೋಬರಿನ ಹಳೇ ಪೇಪರ್ ಸಂಗ್ರಹ, ಕ್ರಿಸ್‌ಮಸ್ ಪಾರ್ಟಿ, ಜನವರಿಯಲ್ಲಿ ಮೋಚಿ ಉಂಡೆಗೆ ಅನ್ನ ಕುಟ್ಟಿದ್ದು — ಎಲ್ಲೂ ನನ್ನ ಮಗಳಿಲ್ಲ. ಆರನೇ ಕ್ಲಾಸು. ಇದು ಅವಳ ಕೊನೆಯ ವರ್ಷ.

ಶಾಲೆಯಿಂದ ಬಂದ ಮೇಲೆ ಕೇಳಿದೆ.

"ಮೋಚಿ ದಿನ ಎಲ್ಲಿದ್ದೆ ನೀನು? ಒಂದರಲ್ಲೂ ಇಲ್ಲ."

"ಇರ್ತೀನಿ. ಹಿಂದೆ ಎಲ್ಲೋ."

"ಹಿಂದೆ ಬರೀ ಗೋಡೆ ಇದೆ ಕಣೇ."

"ತಿಂತಿದ್ನೇನೋ." ಬ್ಯಾಗ್ ಎತ್ತಿಕೊಂಡು ಮೇಲೆ ಹೋದಳು.

ಫೆಬ್ರವರಿ 19, ಬುಧವಾರ

ಅಧ್ಯಕ್ಷೆಗೆ ಫೋನ್ ಮಾಡಿದೆ. ಕಣ್ಣಿಗೆ ಬಟ್ಟೆ ಕಟ್ಟಿದ ಫೋಟೊ ಒಂದು ಅಂತ ಲೆಕ್ಕಕ್ಕೆ ಬರುತ್ತದೆಯೇ? ಅವರು ಫೈಲಿನ ಪುಟ ತಿರುವಿದ ಸದ್ದು ಕೇಳಿಸಿತು.

"ಕಣ್ಣು ಕಾಣಲ್ಲ ಅಲ್ವಾ... ಬರಲ್ಲ."

ಆ ಫೋಟೊ ಮತ್ತೆ ನೋಡಿದೆ. ಕಾಹೊ ಕೋಲು ಹಿಡಿದು ನಿಂತಿದ್ದಾಳೆ, ಬಾಯಿ ಅರ್ಧ ತೆರೆದಿದೆ. ತಲೆಯ ಹಿಂದೆ ಎರಡು ಕೈ. ನನ್ನವು. ಆವತ್ತು ಪದಾಧಿಕಾರಿಗಳೆಲ್ಲ ಬರಲೇಬೇಕು ಅಂದಿದ್ದಕ್ಕೆ ರಜೆ ಹಾಕಿದ್ದೆ. ಸಣ್ಣವರಿಂದ ಶುರುಮಾಡಿ ಎಲ್ಲರೂ ಹೊಡೆದರು, ಎಲ್ಲರೂ ತಪ್ಪಿದರು. ಕೊನೆಗೆ ಉಳಿದವಳು ಕಾಹೊ. ಅಷ್ಟರಲ್ಲಿ ಉಮಿ ಇನ್ನೊಂದು ಸಲ ಬೇಕು ಅಂತ ನೆಲಕ್ಕೆ ಬಿದ್ದು ಅತ್ತಳು. ನಾನು ಕಾಹೊಳ ಕಣ್ಣಿನ ಬಟ್ಟೆ ಬಿಚ್ಚಿ ಉಮಿಗೆ ಕಟ್ಟಿದೆ. ಪದಾಧಿಕಾರಿಯ ಮಗಳು ಯಾವಾಗಲೂ ಕೊನೆಗೆ. ಇಲ್ಲದಿದ್ದರೆ ಜನ ಸುಮ್ಮನಿರುತ್ತಾರೆಯೇ? ಉಮಿ ಹೊಡೆದಳು, ಹಣ್ಣು ಒಡೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ನನಗೆ ತಲೆಬಾಗಿ ಥ್ಯಾಂಕ್ಸ್ ಹೇಳಿದರು.

ಅಷ್ಟು ಬಿಟ್ಟುಕೊಟ್ಟಿದ್ದಕ್ಕೆ ಇದೇ ಫಲ. ಆ ತಾಯಿಗೆ ನನ್ನ ಮಗಳ ಒಂದು ಫೋಟೊ ತೆಗೆಯುವ ಮನಸ್ಸಾಗಲಿಲ್ಲ.

ಫೆಬ್ರವರಿ 23, ಭಾನುವಾರ, 1:50

ಕಳಿಸಿಬಿಟ್ಟೆ. ಸಂಘದ ಫೋನ್ ಗ್ರೂಪಿಗೇ. ಉಳಿದ ಹನ್ನೊಂದು ಮನೆಯವರೂ ಓದಲಿ.

"ಆಲ್ಬಮಿಗಾಗಿ ಫೋಟೊ ಎಣಿಸಿದಾಗ ಒಂದು ವಿಷಯ ಗಮನಕ್ಕೆ ಬಂತು. ಆಗಸ್ಟಿನ ನಂತರ ನಮ್ಮ ಕಾಹೊಳ ಒಂದು ಫೋಟೊ ಕೂಡ ಇಲ್ಲ. ಕೆಲವು ಮಕ್ಕಳದು ಇಪ್ಪತ್ತೆಂಟಿವೆ. ಕ್ಯಾಮೆರಾ ಹಿಡಿದವರು ಎಲ್ಲ ಮಕ್ಕಳನ್ನೂ ಒಂದೇ ಕಣ್ಣಿನಿಂದ ನೋಡಬೇಕಿತ್ತು ಅನಿಸುತ್ತದೆ."

ಹೆಸರು ಹಾಕಿಲ್ಲ. ಹಾಕುವ ಅಗತ್ಯವೂ ಇಲ್ಲ.

2:30 — ಹನ್ನೊಂದು ಜನ ಓದಿದ್ದಾರೆ. ಒಬ್ಬರೂ ಉತ್ತರಿಸಿಲ್ಲ.

4:00 — ಇನ್ನೂ ಇಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಕೋಪಕ್ಕೆ ಮೂರು ಆಲ್ಬಮ್ ಮಡಿಸಿ ಮುಗಿಸಿದೆ, ಮೂರೂ ನೆಟ್ಟಗೆ ಬಂದಿವೆ.

ಫೆಬ್ರವರಿ 24, ಸೋಮವಾರ, ರಜೆ

ಇಕೆತಾನಿ ಬಂದಿದ್ದಳು. ಒಳಗೆ ಬರಲಿಲ್ಲ. ಬಾಗಿಲಲ್ಲೇ ಸೊಂಟದವರೆಗೆ ಬಾಗಿದಳು.

"ನಂದೇ ತಪ್ಪು, ಕಾಹೊ ಅಮ್ಮ. ನನ್ನ ಗಮನ ಸಾಲ್ದಾಯ್ತು."

"ನಾನೇನು ಜಗಳಕ್ಕೆ ಹೇಳಿದ್ದಲ್ಲ..."

"ಇಲ್ಲ ಇಲ್ಲ, ನೀವು ಹೇಳಿದ್ದು ಸರಿ." ಸ್ಟ್ರಾಬೆರಿ ಡಬ್ಬಿ ಮುಂದಿಟ್ಟಳು. "ಈಗ ಹೇಗಿದ್ದೀರಿ? ಊಟ ಸೇರತ್ತಾ?"

ಊಟ ಸೇರುತ್ತದೆಯೇ! ನನ್ನನ್ನೇನು ಆಸ್ಪತ್ರೆಯಿಂದ ಬಂದವಳು ಅಂದುಕೊಂಡಿದ್ದಾಳೆಯೇ? ಗೆದ್ದವಳು ನಾನು. ಆದರೂ ಅವಳು ಹೋದ ಮೇಲೆ ಯಾಕೋ ಸ್ಟ್ರಾಬೆರಿ ಮುಟ್ಟಲು ಮನಸ್ಸಾಗಲಿಲ್ಲ. ಕಾಹೊ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ತಲೆ ಎತ್ತಿದ ಕೂಡಲೇ ಇರಲಿಲ್ಲ.

ಮಾರ್ಚ್ 2, ಭಾನುವಾರ, 3:20

ಕೊನೆಯ ಪುಟ ಮಾತ್ರ ಅವರವರದು. ಬಣ್ಣದ ಕಾಗದ ಮಡಿಸಿ ಒಂದು ಜೇಬು, ಅದರೊಳಗೆ ಬೇಸಿಗೆ ರಜೆಯ ರೇಡಿಯೊ ವ್ಯಾಯಾಮದ ಕಾರ್ಡು. ಬೆಳಿಗ್ಗೆ ಆರೂವರೆಗೆ ಪಾರ್ಕಿಗೆ ಬಂದು ರೇಡಿಯೊ ಹಾಡಿಗೆ ಕೈಕಾಲು ಆಡಿಸಿದ ಮಗುವಿಗೆ ದಿನಕ್ಕೊಂದು ಕಪ್ಪೆ ಸೀಲು. ಜುಲೈಯಲ್ಲಿ ಹತ್ತು, ಆಗಸ್ಟ್ ಕೊನೆಗೆ ಹತ್ತು. ಹದಿನಾಲ್ಕು ಕಾರ್ಡೂ ಮೇಜಿನ ಮೇಲೆ ಹರಡಿ ಜೇಬಿನ ಅಳತೆ ನೋಡುತ್ತಿದ್ದೆ.

ಕಾಹೊಳದು ಭರ್ತಿ. ಒಂದು ದಿನವೂ ತಪ್ಪಿಲ್ಲ. ಹೆಮ್ಮೆಯಾಯಿತು. ಆಮೇಲೆ ಕಣ್ಣು ಅಲ್ಲೇ ಸಿಕ್ಕಿಕೊಂಡಿತು.

ಹದಿಮೂರು ಕಾರ್ಡಿನಲ್ಲಿ ಎಲ್ಲ ಕಪ್ಪೆಗಳೂ ಎಡಕ್ಕೆ ನೋಡುತ್ತಿವೆ. ಕಾಹೊಳ ಜುಲೈ ಕಪ್ಪೆಗಳೂ ಎಡಕ್ಕೆ. ಆಗಸ್ಟಿನ ಹತ್ತು ಕಪ್ಪೆಗಳು ಮಾತ್ರ ಬಲಕ್ಕೆ.

ಆಗಸ್ಟಿನಲ್ಲಿ ಹೊಸ ರಬ್ಬರ್ ಬೇಕು ಅಂತ ಎರಡು ಸಲ ಕೇಳಿದ್ದಳು. ಹಳೇದನ್ನು ತಿಂದೆಯಾ ಅಂತ ಬೈದಿದ್ದೆ. ರಬ್ಬರಿನ ಮೇಲೆ ಕಪ್ಪೆಯನ್ನು ಇದ್ದ ಹಾಗೇ ಬಿಡಿಸಿ ಬ್ಲೇಡಿನಲ್ಲಿ ಕೊರೆದರೆ, ಒತ್ತಿದಾಗ ಉಲ್ಟಾ ಬೀಳುತ್ತದೆ. ತಿರುಗಿಸಿ ಕೊರೆಯಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಹೋಗಿಯೇ ಇಲ್ಲ.

ಗ್ರೂಪಿಗೆ ನಾನು ಬರೆದದ್ದು ನೆನಪಾಗಿ ಕಿವಿ ಬಿಸಿಯಾಗುತ್ತಿದೆ.

ಮಾರ್ಚ್ 3, ಸೋಮವಾರ, ಸಂಜೆ 5

ಹೆಣ್ಣುಮಕ್ಕಳ ಹಬ್ಬ. ಈ ವರ್ಷ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದೇ ಇಲ್ಲ, ಮೇಜಿನ ತುಂಬ ಕಾಗದದ ಚೂರು. ವಿನೆಗರ್ ಅನ್ನ ಕಲಸುತ್ತ, ಅವಳ ಮುಖ ನೋಡದೆ, ಕಾರ್ಡನ್ನು ಪಕ್ಕಕ್ಕೆ ಸರಿಸಿದೆ.

"ಈ ಕಪ್ಪೆ ಯಾಕೆ ಆ ಕಡೆ ನೋಡ್ತಿದೆ?"

ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆದಳು. ಆಮೇಲೆ, "ಮೂರನೇ ದಿನ ಗೊತ್ತಾಯ್ತು ಉಲ್ಟಾ ಅಂತ. ಅಷ್ಟೊತ್ತಿಗೆ ಮೂರು ಒತ್ತಿಯಾಗಿತ್ತು" ಅಂದಳು.

"ಎಲ್ಲಿ ಹೋಗ್ತಿದ್ದೆ?"

"ಎರಡನೇ ಬ್ಲಾಕಿನ ನದಿ ಪಾರ್ಕಿಗೆ. ಅಲ್ಲಿ ಬರೀ ಅಜ್ಜ ಅಜ್ಜಿಯರು. ವ್ಯಾಯಾಮ ಮಾಡಿದ್ದು ನಿಜ ಅಮ್ಮ. ಸೀಲು ಮಾತ್ರ ಸುಳ್ಳು."

"ಮೋಚಿ ದಿನ?"

"ಅಲ್ಲೇ. ಗೇಟ್‌ಬಾಲ್ ಆಡ್ತಾರೆ, ಕೋಲಲ್ಲಿ ಚೆಂಡು ಹೊಡೆಯೋದು. ಸ್ಕೋರ್ ಬರ್ಕೊಡ್ತೀನಿ. ಅಲ್ಲಿ ಯಾರೂ ಫೋಟೊ ತೆಗಿಯಲ್ಲ. ಅದೇ ಚೆನ್ನಾಗಿತ್ತು."

"ಸಂಘದವರು ಯಾರೂ ಕೇಳ್ಲಿಲ್ವಾ?"

"ಅಮ್ಮಂಗೆ ಹುಷಾರಿಲ್ಲ, ಮನೇಲಿ ಕೆಲಸ ಇದೆ ಅಂದಿದ್ದೆ."

ಪರ್ಸಿಮನ್. ಸ್ಟ್ರಾಬೆರಿ. ಮೈ ಕಡೆ ಗಮನ ಇರಲಿ. ಎಲ್ಲ ಒಟ್ಟಿಗೆ ಬಂದು ತಲೆಗೆ ಬಡಿಯಿತು. ಅನ್ನದ ಚಮಚ ಕೆಳಗಿಟ್ಟು ಕಿರುಚಿದೆ. ಊರೆಲ್ಲ ನನ್ನನ್ನು ರೋಗಿ ಅಂದುಕೊಂಡಿದೆ, ಇಕೆತಾನಿ ಬಾಗಿಲಲ್ಲಿ ಬಾಗಿ ಹೋದಳು, ನೀನು ಮೆಟ್ಟಿಲ ಮೇಲೆ ನಿಂತು ಕೇಳಿದೆ, ಯಾಕೆ ಹೀಗೆ ಮಾಡಿದೆ, ಯಾಕೆ?

ಅವಳು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

"ಪ್ರತಿ ವರ್ಷ ಸಣ್ಣೋರಿಂದ ಶುರು. ನನ್ನ ಸರದಿ ಬರೋಷ್ಟರಲ್ಲಿ ಹಣ್ಣು ಒಡೆದಿರತ್ತೆ. ಐದು ವರ್ಷ ಹಾಗೇ ಆಯ್ತು. ಈ ಸಲ ಯಾರೂ ಒಡೀಲಿಲ್ಲ. ನನ್ನನ್ನ ತಿರುಗಿಸಿ ನಿಲ್ಸಿದ್ರು. ಯಾವ ಕಡೆ ಹೋಗ್ಬೇಕು ಅಂತ ಕಾಲಿಗೆ ಗೊತ್ತಿತ್ತು ಅಮ್ಮ. ಆಗ ಹಿಂದಿಂದ ಪ್ಲಮ್ ವಾಸನೆ ಬಂತು."

ರಜೆಯ ದಿನವೂ ಹೋಗದ ನನ್ನ ಕೈಯ ವಾಸನೆ.

"ಕಣ್ಣಿನ ಬಟ್ಟೆ ಬಿಗಿ ಮಾಡ್ತೀಯ ಅಂದ್ಕೊಂಡೆ" ಅಂದಳು.

ಮಾರ್ಚ್ 9, ಭಾನುವಾರ, ಸಂಜೆ 6

ಆರು ದಿನ ಕಾಗದ ಮುಟ್ಟಿಲ್ಲ. ಫ್ಯಾಕ್ಟರಿಯಲ್ಲಿ ಎರಡು ಸಲ ಪ್ಲಮ್ ಇಡುವುದು ಮರೆತು ಡಬ್ಬಿಗಳು ಮುಂದೆ ಓಡಿಹೋದವು.

ಕಲ್ಲಂಗಡಿ ಒಂದೇ ಆಗಿದ್ದರೆ ಇಷ್ಟು ಸುಡುತ್ತಿರಲಿಲ್ಲ. ಶಿಫ್ಟ್ ಮುಗಿಸಿ ಓಡಿಹೋಗಿ ಕೊನೆಗೆ ಸೇರಿಕೊಂಡ ದಿನಗಳೂ ಇವೆ. ಮೇ ತಿಂಗಳಲ್ಲಿ ತಿಂಡಿ ಪೊಟ್ಟಣ ಒಂದು ಕಮ್ಮಿ ಬಿತ್ತು — ಕಾಹೊಗೆ ಬೇಡ ಬಿಡಿ ಅಂದೆ. ಜುಲೈಯಲ್ಲಿ ಗ್ರೂಪ್ ಫೋಟೊ ತೆಗೆಯುವಾಗ ಎಲ್ಲರ ನೀರಿನ ಬಾಟಲಿ ಹಿಡಿದುಕೋ ಅಂದೆ. ಪ್ರತಿ ಸಲವೂ ಯಾರಾದರೂ ಒಬ್ಬರು ನೋಡುತ್ತಿದ್ದರು, ಪ್ರತಿ ಸಲವೂ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಎಷ್ಟು ನ್ಯಾಯವಂತೆ ಈ ಕುವಬಾರಾ ಅಂತ. ನನ್ನ ಒಳ್ಳೆತನಕ್ಕೆಲ್ಲ ಅವಳ ಪಾಲು ಖರ್ಚಾಯಿತು.

ಇವತ್ತು ಇಕೆತಾನಿಯ ಮನೆಗೆ ಹೋದೆ. ಎಲ್ಲ ಹೇಳಿದೆ. ತಲೆ ಬಾಗಿಸಿದವಳಿಗೆ ಎತ್ತಲು ಆಗಲಿಲ್ಲ.

"ಅಯ್ಯೋ ಏಳಿ, ಕಾಹೊ ಅಮ್ಮ. ಅವಳು ಬರ್ತಿಲ್ಲ ಅಂತ ನಮಗೆ ಗೊತ್ತಿತ್ತು. ಹುಷಾರಿಲ್ಲದೋರ ಹತ್ರ ಹೇಗೆ ಕೇಳೋದು ಅಂತ ಸುಮ್ನಿದ್ವಿ. ಮೆಸೇಜ್ ನೋಡಿ, ಪಾಪ ಇವರಿಗೆ ತಲೆಗೂ ಏನೋ ಆಗಿದೆ ಅಂದ್ಕೊಂಡೆ."

ಇಬ್ಬರೂ ನಕ್ಕೆವು. ಆಮೇಲೆ ಅವಳು ಫೋನ್ ತೆಗೆದು, ಗ್ರೂಪಿಗೆ ಹಾಕದೆ ಇಟ್ಟುಕೊಂಡಿದ್ದ ಇನ್ನೊಂದು ಫೋಟೊ ತೋರಿಸಿದಳು. ಆಗಸ್ಟ್ 3. ಉಮಿ ಹಣ್ಣು ಒಡೆದ ಕ್ಷಣ. ಹಿಂದೆ ಕಾಹೊ ಚಪ್ಪಾಳೆ ತಟ್ಟುತ್ತಿದ್ದಾಳೆ. ಬಾಯಿ ನಗುತ್ತಿದೆ. ಕಣ್ಣು ಕಲ್ಲಂಗಡಿಯ ಮೇಲಿಲ್ಲ, ಉಮಿಯ ಮೇಲೂ ಇಲ್ಲ. ನನ್ನ ಬೆನ್ನ ಮೇಲಿದೆ.

"ಆವತ್ತು ನಾನೇ ಬೇಡ ಅನ್ಬೇಕಿತ್ತು" ಅಂದಳು ಇಕೆತಾನಿ. "ಅಳ್ತಿದ್ದಿದ್ದು ನನ್ನ ಮಗಳಲ್ವಾ. ನಿಮ್ಮ ಮನೆಗೆ ಪರ್ಸಿಮನ್ ತಂದಿದ್ದೂ ಅದಕ್ಕೇ."

ಎರಡು ಕಣ್ಣೂ ಕಾಣುತ್ತವೆ. ಲೆಕ್ಕಕ್ಕೆ ಬರುತ್ತದೆ. ಆಲ್ಬಮಿಗೆ ಬೇಡ ಅಂದೆ.

ಮನೆಗೆ ಬಂದು ಗ್ರೂಪಿಗೆ ಬರೆದೆ. ನಾನು ಹೇಳಿದ್ದು ತಪ್ಪು, ಕಾಹೊ ಬರುತ್ತಿರಲಿಲ್ಲ, ನನಗೆ ಯಾವ ಕಾಯಿಲೆಯೂ ಇಲ್ಲ, ಇಕೆತಾನಿ ಅವರಲ್ಲಿ ಎಲ್ಲರೆದುರು ಕ್ಷಮೆ ಕೇಳುತ್ತೇನೆ. ಹನ್ನೊಂದು ಜನ ಓದಿದರು. ಈ ಸಲ ಉತ್ತರ ಬಂತು, ಅಧ್ಯಕ್ಷೆಯದು — "ನಿಮ್ಮ ಆರೋಗ್ಯ ಸುಧಾರಿಸಿದ್ದು ಕೇಳಿ ಸಂತೋಷ."

ಮಾರ್ಚ್ 16, ಭಾನುವಾರ

ಇನ್ನೊಂದು ವಾರ. ಅಧ್ಯಕ್ಷೆ ಬಿಡುತ್ತಿಲ್ಲ. ಕಾಹೊಳದು ಮೂರೇ ಆದರೆ ಫೈಲಿನ ನಿಯಮ ಮುರಿದ ಹಾಗಂತೆ. ಮುಚ್ಚುವ ಸಂಘದ ನಿಯಮ!

"ಒಂದು ಕೆಲ್ಸ ಮಾಡಿ. ಪಾರ್ಕಿಗೆ ಕರ್ಕೊಂಡ್ಹೋಗಿ ನಾಲ್ಕು ಫೋಟೊ ತೆಗೀರಿ. ನಾಲ್ಕು ಬೇರೆ ಬೇರೆ ಸ್ವೆಟರ್ ಹಾಕ್ಸಿ. ಯಾರಿಗೆ ಗೊತ್ತಾಗತ್ತೆ?"

ನಾಚಿಕೆಯಿಲ್ಲದೆ ಕಾಹೊಳನ್ನು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು.

"ಸೀಲು ಸುಳ್ಳು ಅಂತ ಬೈದೆ. ಇದೇನು?" ಅಂದಳು.

23ಕ್ಕೆ ಬೀಳ್ಕೊಡುಗೆ. ಬರುತ್ತೀಯಾ ಅಂತ ಕೇಳಲು ಬಾಯಿ ಬರಲಿಲ್ಲ.

ಮಾರ್ಚ್ 20, ಗುರುವಾರ, ರಜೆ, ಬೆಳಿಗ್ಗೆ 11

ಕಾಹೊ ತಾನಾಗಿ ಬಂದು ಮೇಜಿನ ಎದುರು ಕೂತಳು. ಹಸಿರು ಕಾಗದ ಎಳೆದುಕೊಂಡು ಕಪ್ಪೆ ಮಡಿಸತೊಡಗಿದಳು, ಬೆನ್ನು ಒತ್ತಿದರೆ ನೆಗೆಯುವಂಥವು. ಒಂದೊಂದು ಜೇಬಿಗೆ ಒಂದೊಂದು. ನನ್ನದು ಒಂದು ಆಗುವಷ್ಟರಲ್ಲಿ ಅವಳದು ನಾಲ್ಕು. ನದಿ ಪಾರ್ಕಿನ ಅಜ್ಜಿಯೊಬ್ಬರು ಕಲಿಸಿದ್ದಂತೆ. 

ಆಗಸ್ಟ್ ಪುಟಕ್ಕೆ ಬಂದಾಗ ಅವಳ ಕೈ ನಿಂತಿತು. ಬಟ್ಟೆ ಕಟ್ಟಿದ ಆ ಫೋಟೊವನ್ನು ಮೊನ್ನೆ ಅಂಟಿಸಿದ್ದೆ. ತಲೆಯ ಹಿಂದಿನ ಕೈಗಳ ಮೇಲೆ ಹೂವಿನ ಕಾಗದದ ಟೇಪು ಹಾಕಿದ್ದೆ. ಅಲಂಕಾರಕ್ಕೆ. ಅಲ್ಲ. ಅಡಗಿಸುವುದಕ್ಕೆ.

ಉಗುರಿನಿಂದ ಟೇಪಿನ ತುದಿ ಎಬ್ಬಿಸಿ, ನಿಧಾನಕ್ಕೆ, ಫೋಟೊ ಹರಿಯದ ಹಾಗೆ ಕಿತ್ತಳು.

"ಇದು ಲೆಕ್ಕಕ್ಕೆ ಬರಲ್ಲ ಅಂದ್ರಲ್ಲ ಅವರು" ಅಂದೆ.

"ನನ್ನದು ಬರಲ್ಲ. ನಿನ್ನದು ಬರತ್ತೆ. ಎರಡೂ ಕೈ ಕಾಣ್ತಿದೆ."

"ಹದಿನಾಲ್ಕು ಆಲ್ಬಮಿನಲ್ಲೂ ಇರತ್ತೆ ಕಣೇ. ಎಲ್ಲ ಮನೆಗೂ ಹೋಗತ್ತೆ."

"ಹೋಗ್ಲಿ. ಆವತ್ತೂ ಎಲ್ರೂ ನೋಡ್ತಿದ್ರಲ್ಲ." ಉಳಿದ ಹದಿಮೂರು ಆಲ್ಬಮ್ ಹತ್ತಿರಕ್ಕೆ ಎಳೆದು ಒಂದೊಂದರಿಂದ ಟೇಪು ಕಿತ್ತಳು. ಕಿತ್ತ ಟೇಪನ್ನೆಲ್ಲ ಉಂಡೆ ಮಾಡಿ ನನ್ನ ಮುಂದಿಟ್ಟಳು. "ಕೆಳಗೆ ಎರಡು ಸಾಲು ಜಾಗ ಇದೆ. ಬರಿ."

"ಏನಂತ?"

"ನೀನೇ ಬರಿ. ನಿಜ ಬರಿ."

ಆಗ ಕೇಳಿದೆ. ಭಾನುವಾರ ಬರ್ತೀಯಾ?

"ಬರೆದದ್ದು ನೋಡಿ ಹೇಳ್ತೀನಿ."

ಮಾರ್ಚ್ 22, ಶನಿವಾರ, ಸಂಜೆ 4:15

ನಾಳೆ ಹತ್ತಕ್ಕೆ ಹಾಲ್ ತೆರೆಯುತ್ತಾರೆ. ಹದಿನಾಲ್ಕು ಆಲ್ಬಮ್ ಸಾಲಾಗಿ ನಿಂತಿವೆ. ಒಂದು ಸ್ವಲ್ಪ ಸೊಟ್ಟ, ಅದು ನಮಗೆ. ಅಧ್ಯಕ್ಷೆಗೆ ಹೇಳಿಬಿಟ್ಟೆ, ಕಾಹೊಳದು ಮೂರೇ, ಮಾತು ಬಂದರೆ ನನ್ನ ಹತ್ತಿರ ಬರಲಿ ಅಂತ. ಅವರು ಫೈಲು ಮುಚ್ಚಿದರು.

ಮೊದಲ ಸಾಲು ಹದಿನಾಲ್ಕರಲ್ಲೂ ಬರೆದಾಯಿತು. "ಆಗಸ್ಟ್ 3, ಕಲ್ಲಂಗಡಿ. ಈ ಸರದಿ ಕುವಬಾರಾ ಕಾಹೊಳದು."

ಎರಡನೆಯದು ಬರುತ್ತಿಲ್ಲ. ಉಮಿ ಅಳುತ್ತಿದ್ದಳು ಅಂತ ಬರೆದರೆ ಮತ್ತೆ ನಾನೇ ಒಳ್ಳೆಯವಳು. ಕ್ಷಮಿಸು ಅಂದರೆ ಅದು ಮನೆಯೊಳಗೆ ಹೇಳಬೇಕಾದದ್ದು, ಹೇಳಿದ್ದೇನೆ, ಹೂಂ ಅಂದಿದ್ದಾಳೆ, ಅಷ್ಟೇ. ತಪ್ಪಾಗಬಾರದು ಅಂತ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ.

"ಕಣ್ಣಿನ ಬಟ್ಟೆ ಬಿಚ್ಚುತ್ತಿರುವ ಕೈಗಳು ಜನರ ಮೆಚ್ಚುಗೆ ಬೇಕಿದ್ದ..." ಉದ್ದವಾಯಿತು.

"ಕೈಗಳು ಅವಳ ಅಮ್ಮನವು. ಸರದಿಯನ್ನು ಬಿಟ್ಟುಕೊಟ್ಟವಳು ಕಾಹೊ ಅಲ್ಲ, ಕಸಿದು ಕೊಟ್ಟವಳು ಅಮ್ಮ" — ಹೌದು. ಇದೇ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಂದು ಹಿಂದೆ ನಿಂತಿದ್ದಾಳೆ. ಭುಜದ ಮೇಲಿಂದ ಓದುತ್ತಿದ್ದಾಳೆ, ಉಸಿರು ಕುತ್ತಿಗೆಗೆ ತಾಗುತ್ತಿದೆ. ನಾನು ತಿರುಗುವುದಿಲ್ಲ. ಅವಳು ಕೈ ಚಾಚಿ ನನ್ನ ಕಣ್ಣು ಮುಚ್ಚುತ್ತಿದ್ದಾಳೆ, ಸಾಲು ಕಾಣ—